ಬುರುಡೆಯ ತೆರವಿಗೊಂದು ಮುಚ್ಚಳ: ಸಿಟಿ ಸ್ಕ್ಯಾನಿನಿಂದ ಅಕ್ರಿಲಿಕ್ ತುಂಡಿನವರೆಗೆ, ಮಡಿಕೇರಿಯ ಮಳೆಗಾಲದಲ್ಲಿ

ಬುರುಡೆಯ ಬಲಭಾಗದಲ್ಲಿ 110 ಮಿ.ಮೀ. ಉದ್ದ, 85 ಮಿ.ಮೀ. ಅಗಲದ ತೆರವು. ಅದರಲ್ಲಿ ಅಲ್ಲಾಡದೆ ಕೂರುವ 4 ಮಿ.ಮೀ. ದಪ್ಪದ ಮುಚ್ಚಳ. ಮಾಡಬೇಕಾದ್ದು ಇಷ್ಟು. ಇದು ಯಾವ ರೋಗಿಯ ತಲೆಗೂ ಹೋಗುವ ತುಂಡಲ್ಲ, ಅಭ್ಯಾಸದ ತುಂಡು. ದೆಹಲಿಯ ಇಮೇಜಿಂಗ್ ಕೇಂದ್ರವೊಂದರಿಂದ ಬಂದ, ಹೆಸರು ಗುರುತು ಅಳಿಸಿದ 491 ತಲೆ ಸ್ಕ್ಯಾನುಗಳ ಸಿಕ್ಯೂ500 ಎಂಬ ಮುಕ್ತ ಸಂಗ್ರಹವಿದೆ. ಅದರಲ್ಲಿ ತೆಳು ಸ್ಲೈಸ್ (ತಲೆಯನ್ನು ಅಡ್ಡಲಾಗಿ ಸೀಳಿದಂತೆ ತೋರಿಸುವ ಒಂದೊಂದು ಚಿತ್ರ) ಇರುವ ಒಂದು ಬುರುಡೆಯನ್ನು ಆರಿಸಿ, ತೆರವನ್ನು ಕಂಪ್ಯೂಟರಿನಲ್ಲೇ ಕೊರೆಯಲಾಯಿತು. ಹೀಗೆ ಮಾಡುವುದರ ಲಾಭವೆಂದರೆ ಕೊರೆದು ತೆಗೆದ ಮೂಳೆ ಫೈಲಿನಲ್ಲಿ ಉಳಿದಿರುತ್ತದೆ. ಕೊನೆಗೆ ನಮ್ಮ ಮುಚ್ಚಳವನ್ನು ಅದರ ಮೇಲಿಟ್ಟು ಎಲ್ಲಿ ಎಷ್ಟು ತಪ್ಪಿದೆ ಎಂದು ನೋಡಬಹುದು. ನಿಜವಾದ ರೋಗಿಯಲ್ಲಿ ಈ ಉತ್ತರಪತ್ರಿಕೆ ಸಿಗುವುದಿಲ್ಲ.

ತೆರವು ಉಂಟಾಗುವ ದಾರಿ ಕೊಡಗಿನವರಿಗೆ ವಿವರಿಸಬೇಕಿಲ್ಲ. ಮೆಣಸು ಕುಯ್ಯಲು ಸಿಲ್ವರ್ ಓಕ್‌ಗೆ ಏಣಿ ಹಾಕಿದವರು, ಮರಗಸಿಗೆ ಹತ್ತಿದವರು, ಮಂಜಿನಲ್ಲಿ ಘಾಟಿ ಇಳಿಯುವ ಬೈಕಿನವರು ಬೀಳುತ್ತಾರೆ. ಪೆಟ್ಟಾದ ಮಿದುಳು ಬಾತುಕೊಂಡಾಗ ಒತ್ತಡ ಇಳಿಸಲು ಸರ್ಜನ್ ಬುರುಡೆಯ ಒಂದು ಪಾಲನ್ನು ತೆಗೆಯುತ್ತಾರೆ. ತೆಗೆದ ಮೂಳೆಯನ್ನು ರೋಗಿಯ ಹೊಟ್ಟೆಯ ಕೊಬ್ಬಿನ ಪದರದಲ್ಲೋ ಮೈನಸ್ 80 ಡಿಗ್ರಿಯ ಫ್ರೀಜರಿನಲ್ಲೋ ಇಟ್ಟು, ತಿಂಗಳುಗಳ ನಂತರ ಮತ್ತೆ ಕೂರಿಸುವುದು ರೂಢಿ. ಮೂಳೆ ಚೂರಾಗಿದ್ದರೆ, ಸೋಂಕು ತಗುಲಿದ್ದರೆ ಅಥವಾ ಕೂರಿಸಿದ ಮೇಲೆ ಕರಗಿಹೋದರೆ ಕೃತಕ ಮುಚ್ಚಳ ಬೇಕಾಗುತ್ತದೆ. ಮೂಳೆ ಕರಗುವುದು ಮಕ್ಕಳಲ್ಲಿ ಹೆಚ್ಚು.

ಸ್ಕ್ಯಾನ್ ಚೀಟಿಯಲ್ಲಿ ಬರೆಯಬೇಕಾದ್ದು

ಕೆಲವು ಮುಚ್ಚಳಗಳು ಸ್ಕ್ಯಾನ್ ಕೋಣೆಯಲ್ಲೇ ಸೋತಿರುತ್ತವೆ. ವರದಿ ಬರೆಯಲು 5 ಮಿ.ಮೀ. ಸ್ಲೈಸ್ ಸಾಕು, ಮುಚ್ಚಳಕ್ಕೆ ಸಾಲದು. ಲೆಕ್ಕ ಸುಲಭ. ನೆತ್ತಿಯ ಬಳಿ ಬುರುಡೆಯನ್ನು 75 ಮಿ.ಮೀ. ತ್ರಿಜ್ಯದ ಗೋಳ ಎಂದುಕೊಳ್ಳಿ. ತುದಿಯಿಂದ 5 ಮಿ.ಮೀ. ಕೆಳಗಿಳಿಯುವಷ್ಟರಲ್ಲಿ ಸುಮಾರು 27 ಮಿ.ಮೀ. ತ್ರಿಜ್ಯದ ವೃತ್ತ ಮುಗಿದಿರುತ್ತದೆ. ಅಂದರೆ ಅಂಗೈಯ ನಡುಭಾಗದಷ್ಟು ಜಾಗದ ಉಬ್ಬು ತಗ್ಗೆಲ್ಲ ಒಂದೇ ಸ್ಲೈಸಿನಲ್ಲಿ ಅಡಗಿಹೋಗುತ್ತದೆ. 0.625 ಮಿ.ಮೀ. ಸ್ಲೈಸಿನಲ್ಲಿ ಅದೇ ವೃತ್ತ 10 ಮಿ.ಮೀ. ಒಳಗೆ ಬರುತ್ತದೆ.

ಚೀಟಿಯಲ್ಲಿ ಹೀಗೆ ಬರೆಸಿ: ಕಾಂಟ್ರಾಸ್ಟ್ ಇಲ್ಲದ ತಲೆ ಸಿಟಿ, ನೆತ್ತಿಯ ಮೇಲಿನ ಗಾಳಿಯಿಂದ ಹಿಡಿದು ಬುರುಡೆಯ ತಳದ ಕೆಳಗಿನವರೆಗೆ, ಸ್ಲೈಸ್ ದಪ್ಪ 0.625, ಹೆಚ್ಚೆಂದರೆ 1 ಮಿ.ಮೀ.; ಸ್ಲೈಸುಗಳ ನಡುವೆ ಖಾಲಿ ಜಾಗ ಬೇಡ; ಗ್ಯಾಂಟ್ರಿ (ಸ್ಕ್ಯಾನರಿನ ಬಳೆ) ಓರೆ ಸೊನ್ನೆ; 512 ಮ್ಯಾಟ್ರಿಕ್ಸ್, ದೃಷ್ಟಿಕ್ಷೇತ್ರ 230 ಮಿ.ಮೀ. ಆಸುಪಾಸು, ಆಗ ಒಂದು ಪಿಕ್ಸೆಲ್ 0.45 ಮಿ.ಮೀ. ಆಗುತ್ತದೆ. ಕರ್ನೆಲ್ (ಚಿತ್ರ ಕಟ್ಟುವ ಲೆಕ್ಕದ ಬಗೆ) ಎರಡೂ ಬೇಕು, ಮೃದು ಮತ್ತು ಬೋನ್. ಬೋನ್ ಕರ್ನೆಲ್ ಕಣ್ಣಿಗೆ ಚೂಪಾಗಿ ಕಾಣುತ್ತದೆ, ಆದರೆ ಅಂಚಿನಲ್ಲಿ ಇಲ್ಲದ ಹೊಳಪನ್ನು ಸೇರಿಸಿ ಮೇಲ್ಮೈಯನ್ನು ರವೆಯಂತೆ ಮಾಡುತ್ತದೆ. ಮೂರು ಆಯಾಮದ ಆಕಾರ ತೆಗೆಯಲು ಮೃದು ಕರ್ನೆಲ್, ತೆಳು ಅಂಚನ್ನು ಕಣ್ಣಿನಿಂದ ಪರೀಕ್ಷಿಸಲು ಬೋನ್ ಕರ್ನೆಲ್. ಓಲೆ, ಹೇರ್‌ಪಿನ್, ತೆಗೆಯಬಹುದಾದ ಹಲ್ಲು ಸೆಟ್ ಹೊರಗಿರಲಿ.

ಫಿಲ್ಮ್ ಬೇಡ, ತೆಳು ಸ್ಲೈಸಿನ ಡೈಕಾಮ್ (ಸ್ಕ್ಯಾನ್ ಚಿತ್ರಗಳ ಮೂಲ ರೂಪ) ಫೈಲುಗಳೇ ಬೇಕು ಎಂದು ಅಂದೇ ಕೇಳಿ. ಯಂತ್ರದಲ್ಲಿನ ಮೂಲ ಮಾಹಿತಿ ಕೆಲವೇ ದಿನಗಳಲ್ಲಿ ಅಳಿದು ಹೊಸದಕ್ಕೆ ಜಾಗ ಬಿಡುತ್ತದೆ, ಆಮೇಲೆ ತೆಳು ಸ್ಲೈಸ್ ಕಟ್ಟಿಕೊಡಿ ಎಂದರೆ ಯಾರಿಂದಲೂ ಆಗದು. 200 ಮಿ.ಮೀ. ಎತ್ತರಕ್ಕೆ 320 ಸ್ಲೈಸ್, ಒಟ್ಟು ಸುಮಾರು 170 ಎಂಬಿ. ಮಡಿಕೇರಿಯಿಂದ ಮೈಸೂರು 120 ಕಿ.ಮೀ., ಮಂಗಳೂರು 140 ಕಿ.ಮೀ. ಅಲ್ಲಿಗೆ ಇಳಿದ ರೋಗಿಯ ಸ್ಕ್ಯಾನ್ ತಪ್ಪಾದರೆ ಇನ್ನೊಂದು ದಿನ ಹಾಳು, ಮೇಲೆ ಸುಮಾರು 2 ಮಿಲಿಸೀವರ್ಟ್ ವಿಕಿರಣ.

ಹೆಚ್ಚಿನವರು ಮರೆಯುವ ಒಂದು ಮಾತು. ಪೆಟ್ಟಾದ ದಿನ, ಮೂಳೆ ತೆಗೆಯುವ ಮೊದಲು ಮಾಡಿದ ಸ್ಕ್ಯಾನ್ ಬಹುತೇಕ ಎಲ್ಲರಿಗೂ ಇರುತ್ತದೆ. ಅದರ ತೆಳು ಸ್ಲೈಸುಗಳನ್ನು ಯಾರಾದರೂ ಉಳಿಸಿದ್ದರೆ ಕಳೆದುಹೋದ ಮೂಳೆಯ ಸ್ವಂತ ಆಕಾರವೇ ಸಿಕ್ಕಂತೆ. ಬಿರುಕು ಬಿಟ್ಟಿದ್ದರೂ ಇನ್ನೊಂದು ಬದಿಯ ಮೂಳೆಯ ಕನ್ನಡಿ ಬಿಂಬಕ್ಕಿಂತ ಅದು ಮೇಲು.

ಮೂಳೆಯ ಅಂಚು ಎಲ್ಲಿ ಮುಗಿಯುತ್ತದೆ

ತಂತ್ರಾಂಶ 3ಡಿ ಸ್ಲೈಸರ್, ಉಚಿತ. 16 ಜಿಬಿ ರ‍್ಯಾಮ್ ಇದ್ದರೆ ಸಾಕು. ಡೈಕಾಮ್ ಒಳಗೆ ತಂದ ಕೂಡಲೇ ಪಿಕ್ಸೆಲ್ ಅಳತೆ, ಸ್ಲೈಸ್ ಅಂತರ, ಒಟ್ಟು ಸ್ಲೈಸ್ ಸಂಖ್ಯೆ ನೋಡಿ. ನಡುವೆ ಒಂದು ಸ್ಲೈಸ್ ಕಾಣೆಯಾಗಿದ್ದರೆ ತಂತ್ರಾಂಶ ಎಚ್ಚರಿಸುತ್ತದೆ, ಆ ಎಚ್ಚರಿಕೆಯನ್ನು ಮುಚ್ಚಿ ಮುಂದೆ ಹೋಗುವ ಅಭ್ಯಾಸ ಒಳ್ಳೆಯದಲ್ಲ.

ಸಂಗ್ರಹದ ಬುರುಡೆ ಇಡಿಯಾಗಿತ್ತು. ತೆರವನ್ನು ಬೂದು ಚಿತ್ರದಲ್ಲೇ ಕೊರೆದು, ಆಮೇಲೆ 0.4 ಮಿ.ಮೀ.ನಷ್ಟು ಮಸುಕು ಮಾಡಲಾಯಿತು. ಇಲ್ಲದಿದ್ದರೆ ಅಂಚು ಕತ್ತಿಯಲ್ಲಿ ಕೊಯ್ದಂತೆ ಇರುತ್ತದೆ, ನಿಜವಾದ ಸ್ಕ್ಯಾನರ್ ಅಂಥ ಅಂಚನ್ನು ಎಂದೂ ಕೊಡದು. ಹಿಂಬದಿಯ 30 ಮಿ.ಮೀ. ಉದ್ದಕ್ಕೆ ಅಂಚನ್ನು ಬೇಕೆಂದೇ ಓರೆಯಾಗಿ ಕೊರೆದು, ತುದಿಯಲ್ಲಿ 1 ಮಿ.ಮೀ.ಗಿಂತ ತೆಳು ಮಾಡಿದೆವು. ಹಳೆಯ ತೆರವಿನ ಅಂಚು ಸವೆದು ಹೀಗೇ ಇರುತ್ತದೆ. ಮೊದಲ ಮುಚ್ಚಳ ಕೆಟ್ಟದ್ದು ಈ 30 ಮಿ.ಮೀ.ನಲ್ಲೇ.

ಸಿಟಿಯಲ್ಲಿ ನೀರಿಗೆ 0, ಗಾಳಿಗೆ ಮೈನಸ್ 1000 ಹೌನ್ಸ್‌ಫೀಲ್ಡ್ ಅಂಕ. ಈ ಬುರುಡೆಯ ಗಟ್ಟಿ ಹೊರಪದರ 1400ರ ಸುಮಾರು, ಪಕ್ಕದ ಚರ್ಮ, ಸ್ನಾಯು 40. ಎಷ್ಟು ಅಂಕದ ಮೇಲಿನದನ್ನು ಮೂಳೆ ಎನ್ನಬೇಕು, ಆ ಗಡಿ ಎಲ್ಲಿ ಹಾಕಬೇಕು? ಪುಸ್ತಕದ ಉತ್ತರ ಎರಡರ ನಡುವಿನ ಅಂಕ, ಇಲ್ಲಿ 720. ದಪ್ಪ ಮೂಳೆಗೆ ಅದು ಸರಿಯಾದ ಉತ್ತರವೇ. ಎಲ್ಲರೂ ರೂಢಿಯಲ್ಲಿ ಹಾಕುವ 250 ಎಂಬ ಗಡಿ ದಪ್ಪ ಅಂಚನ್ನು ಒಂದು ಬದಿಗೆ ಸುಮಾರು 0.3 ಮಿ.ಮೀ. ಊದಿಸುತ್ತದೆ, ತೆರವು ಚಿಕ್ಕದಾಗಿ ಕಾಣುತ್ತದೆ, ಮುಚ್ಚಳ ಸಡಿಲವಾಗುತ್ತದೆ. ತೆಳು ಅಂಚಿನಲ್ಲಿ ಆಗುವುದು ಇದರ ತಿರುವುಮುರುವು. ಪಿಕ್ಸೆಲ್ಲಿನ ಅರ್ಧವನ್ನಷ್ಟೇ ಮೂಳೆ ತುಂಬಿದ್ದರೆ ಅದರ ಅಂಕ ಅರ್ಧಕ್ಕೆ ಇಳಿಯುತ್ತದೆ. 720 ಗಡಿ ಹಾಕಿದರೆ ಆ ತೆಳು ತುಟಿ ಪೂರ್ತಿ ಮಾಯ. ತೆರವು ದೊಡ್ಡದಾಗಿ ಕಾಣುತ್ತದೆ, ಮುಚ್ಚಳ ಅಲ್ಲಿ ಮೂಳೆಯ ಮೇಲೆ ಹತ್ತಿ ಕೂರುತ್ತದೆ.

ಹಾಗಾಗಿ ಒಂದು ಬುರುಡೆಗೆ ಒಂದೇ ಗಡಿ ಎನ್ನುವುದು ಸೋಮಾರಿತನ. ದಪ್ಪ ಅಂಚಿಗೆ 700ರ ಸುಮಾರು, ತೆಳು ಅಂಚಿಗೆ 250 ಎಂದು ಎರಡು ಭಾಗವಾಗಿ ತೆಗೆದು, ತೆಳು ಭಾಗವನ್ನು ಬ್ರಷ್‌ನಿಂದ ಸ್ಲೈಸ್ ಸ್ಲೈಸಾಗಿ ತಿದ್ದಬೇಕು. 30 ಮಿ.ಮೀ. ಅಂಚಿಗೆ ನಲವತ್ತು ನಿಮಿಷ ಹಿಡಿಯುತ್ತದೆ. ಆಮೇಲೆ ತಂತ್ರಾಂಶದ ಐಲ್ಯಾಂಡ್ಸ್ ಎಂಬ ಸಲಕರಣೆಯಲ್ಲಿ ದೊಡ್ಡ ತುಂಡನ್ನು ಮಾತ್ರ ಉಳಿಸಿ, ಅದರ ಕತ್ತರಿಯಲ್ಲಿ ದವಡೆ, ಕತ್ತಿನ ಮೂಳೆ ತೆಗೆದುಹಾಕಿ. ಮೇಲ್ಮೈ ನಯಗೊಳಿಸುವ ಪ್ರಮಾಣ ತಾನಾಗಿ 0.5 ಇರುತ್ತದೆ, ಅದು ಚೂಪು ಅಂಚನ್ನು ತಿಂದುಹಾಕುತ್ತದೆ. 0.2ಕ್ಕೆ ಇಳಿಸಿ. ಮೇಲ್ಮೈ ಸ್ವಲ್ಪ ಒರಟಾಗಿದ್ದರೆ ಇರಲಿ.

ಕನ್ನಡಿ

ಎಡಭಾಗದ ಒಳ್ಳೆಯ ಮೂಳೆಯನ್ನು ತಿರುಗಿಸಿ ಬಲಕ್ಕೆ ತರುವುದು ಎಲ್ಲರೂ ಬಲ್ಲ ಉಪಾಯ. ಮೂಗಿನ ಬುಡ, ಹಿಂತಲೆಯ ಗುಬುಟು, ಒಳಗಿನ ಕ್ರಿಸ್ಟಾ ಗ್ಯಾಲಿ ಎಂಬ ಮೂಳೆಯ ಏಣು, ಬುರುಡೆಯ ತಳದ ದೊಡ್ಡ ರಂಧ್ರದ ಮುಂದಂಚು, ಈ ನಾಲ್ಕು ಬಿಂದುಗಳಿಂದ ನಡುಸಮತಲ ಸಿಗುತ್ತದೆ. ಎಡ ಬಲದ ಅಕ್ಷಕ್ಕೆ ಮೈನಸ್ 1 ಕೊಟ್ಟು ತಿರುಗಿಸಿ. ಹೀಗೆ ತಿರುಗಿಸಿದ ಮೆಶ್‌ನ (ಸಣ್ಣ ತ್ರಿಕೋನಗಳಿಂದ ಹೆಣೆದ ಆಕಾರ) ಒಳಮುಖ ಹೊರಮುಖ ಅದಲುಬದಲಾಗಿರುತ್ತದೆ. ನಾರ್ಮಲ್‌ಗಳನ್ನು, ಅಂದರೆ ಹೊರಮುಖ ಯಾವುದೆಂಬ ಗುರುತುಗಳನ್ನು, ಹಿಂತಿರುಗಿಸದೆ ಬೂಲಿಯನ್ (ಆಕಾರಗಳನ್ನು ಕೂಡುವ, ಕಳೆಯುವ ಲೆಕ್ಕ) ಹಾಕಿದರೆ ಕಳೆಯಬೇಕಾದ್ದು ಕೂಡುತ್ತದೆ.

ತಿರುಗಿಸಿದ್ದನ್ನು ಬಲಭಾಗಕ್ಕೆ ಹೊಂದಿಸುವಾಗ ಇಡೀ ಬುರುಡೆಯನ್ನು ಲೆಕ್ಕಕ್ಕೆ ಕೊಡಬೇಡಿ. ಮುಖದ ಮೂಳೆಯ ವ್ಯತ್ಯಾಸವೆಲ್ಲ ಬಂದು ಪಾರ್ಶ್ವದ ಹೊಂದಾಣಿಕೆಯನ್ನು ಎಳೆದಾಡುತ್ತದೆ. ತೆರವಿನ ಅಂಚಿನಿಂದ 35 ಮಿ.ಮೀ.ವರೆಗಿನ ಉಂಗುರವನ್ನು ಮಾತ್ರ ಕೊಟ್ಟು, ಎರಡು ಮೇಲ್ಮೈಗಳನ್ನು ಹೊಂದಿಸುವ ಐಸಿಪಿ ಎಂಬ ಲೆಕ್ಕ ಓಡಿಸಿ. ಇಷ್ಟಾದರೂ ಕನ್ನಡಿ ಪೂರ್ತಿ ನಿಜ ಹೇಳುವುದಿಲ್ಲ, ಯಾರ ತಲೆಯೂ ಎರಡು ಬದಿ ಒಂದೇ ಸಮ ಇರುವುದಿಲ್ಲ. ಉತ್ತರಪತ್ರಿಕೆಯ ಜೊತೆ ಹೋಲಿಸಿದಾಗ ಬಹುಭಾಗ 1 ಮಿ.ಮೀ. ಒಳಗಿತ್ತು, ಹಿಂಬದಿಯ ಮೇಲ್ಮೂಲೆಯಲ್ಲಿ 2.3 ಮಿ.ಮೀ. ಉಬ್ಬಿತ್ತು. ಇಂಥ ಮೆಟ್ಟಿಲನ್ನು ಅಂಚಿನಿಂದ 15ರಿಂದ 20 ಮಿ.ಮೀ. ಒಳಗಿನವರೆಗೆ ಹಂತಹಂತವಾಗಿ ಇಳಿಸಬೇಕು. ಅಂಚಿನಲ್ಲಿ ಮಾತ್ರ ಕೆರೆದರೆ ಚರ್ಮದ ಕೆಳಗೆ ಗಂಟಿನಂತೆ ಕೈಗೆ ಸಿಗುತ್ತದೆ. ತೆರವು ನಡುಗೆರೆ ದಾಟಿದ್ದರೆ ಕನ್ನಡಿಯ ಆಟವೇ ಇಲ್ಲ, ಸುತ್ತಲಿನ ಬಾಗನ್ನು ಮುಂದುವರಿಸಿಯೋ ಬೇರೆ ಬುರುಡೆಯ ಆಕಾರವನ್ನು ಎಳೆದು ಹೊಂದಿಸಿಯೋ ಮಾಡಬೇಕು.

ಎಡ ಬಲ ಗೊಂದಲದ ಬಗ್ಗೆ ಎರಡು ಮಾತು. ಸ್ಲೈಸರ್‌ನಿಂದ ಬೇರೆ ತಂತ್ರಾಂಶಕ್ಕೆ ಹೋದಾಗ ಬುರುಡೆ ಒಂದು ಮೂಲೆಯಲ್ಲಿ, ಮುಚ್ಚಳ ಎದುರು ಮೂಲೆಯಲ್ಲಿ ಕಾಣಿಸುವುದುಂಟು. ಅದು ಆರ್‌ಎಎಸ್, ಎಲ್‌ಪಿಎಸ್ ಎಂಬ ಎರಡು ಅಕ್ಷಪದ್ಧತಿಗಳ ಜಗಳ. ಎರಡು ಅಕ್ಷ ಒಟ್ಟಿಗೆ ತಿರುಗುವುದರಿಂದ ಆಗುವುದು 180 ಡಿಗ್ರಿ ಸುತ್ತು, ಪ್ರತಿಬಿಂಬವಲ್ಲ. ಗಾಬರಿ ಬೇಡ. ನಿಜವಾದ ಅಪಾಯ ಡೈಕಾಮ್ ಬದಲು ಜೆಪೆಗ್ ಚಿತ್ರಗಳ ಕಟ್ಟನ್ನು ಪೇರಿಸುವಾಗ. ಕ್ರಮ ತಲೆಕೆಳಗಾದರೆ ಬುರುಡೆ ನೋಡಲು ಸರಿಯಾಗಿಯೇ ಇರುತ್ತದೆ, ಆದರೆ ಎಡ ಬಲವಾಗಿರುತ್ತದೆ. ಆದ್ದರಿಂದ ತೆರವು ಯಾವ ಬದಿಯದ್ದೆಂದು ಕೇಸ್ ಶೀಟ್ ನೋಡಿ ಖಾತ್ರಿ ಮಾಡಿಕೊಂಡು, ಮೊದಲ ಮೆಶ್ ಬಂದ ಕೂಡಲೇ ಬಲಗಡೆ 'ಬ' ಎಂಬ ಅಕ್ಷರವನ್ನು 1 ಮಿ.ಮೀ. ಉಬ್ಬಾಗಿ ಕೂರಿಸಿ. ಮುಂದೆ ಎಲ್ಲಿ ತಿರುವಾದರೂ ಅಕ್ಷರ ಹಿಂದುಮುಂದಾಗಿ ಕಣ್ಣಿಗೆ ರಾಚುತ್ತದೆ. ಆಕಾರವನ್ನು ಉಳಿಸುವ ಎಸ್‌ಟಿಎಲ್ ಫೈಲಿನಲ್ಲಿ ಅಳತೆಯ ಮಾನ ಇರುವುದಿಲ್ಲ, ತೆರೆದ ಕಡೆಯಲ್ಲೆಲ್ಲ 110 ಎಂಬುದು ಮಿ.ಮೀ. ಎಂದು ನೋಡಿಕೊಳ್ಳಿ.

ಮುಚ್ಚಳದ ಗೋಡೆ

ಹೊರಮೈ ಸಿಕ್ಕ ಮೇಲೆ ಬ್ಲೆಂಡರ್ ಎಂಬ ತಂತ್ರಾಂಶದಲ್ಲಿ ಒಳಕ್ಕೆ 4 ಮಿ.ಮೀ. ದಪ್ಪ ಕೊಟ್ಟು, ಬುರುಡೆಯನ್ನು 0.7 ಮಿ.ಮೀ. ಊದಿಸಿ ಮುಚ್ಚಳದಿಂದ ಕಳೆದರೆ ಸುತ್ತ 0.7 ಮಿ.ಮೀ. ಸಂದು ಉಳಿಯುತ್ತದೆ. 0.5ಕ್ಕಿಂತ ಕಡಿಮೆಯಾದರೆ ಆಪರೇಷನ್ ಕೋಣೆಯಲ್ಲಿ ಉಜ್ಜುತ್ತಾ ಕೂರಬೇಕು, 1ಕ್ಕಿಂತ ಹೆಚ್ಚಾದರೆ ಸಡಿಲ.

ಗೋಡೆ ನೇರ ಇರಬಾರದು. ಮಣ್ಣಿನ ಮಡಕೆಯ ಬಾಯಿಗೆ ಮುಚ್ಚಳ ಮಾಡುವವರಿಗೆ ಗೊತ್ತಿರುವ ವಿಷಯವೇ ಇದು: ಹೊರಗೆ ಅಗಲ, ಒಳಗೆ ಕಿರಿದು, ಆಗ ಒಳಗೆ ಬೀಳದು. ಅಂಚು ಸುತ್ತಲೂ ಬುರುಡೆಯ ಮೈಗೆ ಲಂಬವಾಗಿದ್ದರೆ ಬಾಗುವಿಕೆಯಿಂದಲೇ ಈ ಓರೆ ಬಂದುಬಿಡುತ್ತದೆ. ತೊಂದರೆ ಕಿವಿಯ ಮೇಲ್ಭಾಗದಲ್ಲಿ. ಅಲ್ಲಿ ಮೂಳೆ ತೆಳು, ಅಂಚು ಒಳಮುಖವಾಗಿ ಮಡಿಚಿರಬಹುದು, ಮುಚ್ಚಳದ ತುದಿ ಅದರ ಕೆಳಗೆ ಸಿಕ್ಕಿಕೊಂಡರೆ ಇಳಿಯುವುದೂ ಇಲ್ಲ, ಏಳುವುದೂ ಇಲ್ಲ. ಮುಚ್ಚಳ ಯಾವ ದಿಕ್ಕಿನಿಂದ ಇಳಿಯಬೇಕೆಂದು ಒಂದು ಬಾಣ ಹಾಕಿ, ಆ ಬಾಣದ ಗುಂಟ ಮುಚ್ಚಳವನ್ನು 10 ಮಿ.ಮೀ. ಮೇಲಿನಿಂದ 1 ಮಿ.ಮೀ. ಹೆಜ್ಜೆಗಳಲ್ಲಿ ಇಳಿಸುತ್ತಾ ಎಲ್ಲಿ ತಾಗುತ್ತದೆಂದು ನೋಡಬೇಕು. ತಾಗಿದ ಕಡೆ ಗೋಡೆ ಕೆರೆದು ಮತ್ತೆ ಇಳಿಸಿ.

ಕಣತಲೆಯ ಸ್ನಾಯು ಮುಚ್ಚಳದ ಮೇಲೆ ಬರುತ್ತದೋ ಕೆಳಗೆ ಉಳಿಯುತ್ತದೋ ಎಂಬುದನ್ನು ಸರ್ಜನ್ ಹೇಳಬೇಕು, ಡಿಸೈನ್ ಮಾಡುವವರಲ್ಲ. ಮೇಲೆ ಬಂದರೆ ಅಲ್ಲಿ ಮೈಯನ್ನು ತುಸು ತಗ್ಗಿಸಬೇಕು, ಸ್ನಾಯು ಸೊರಗಿಹೋಗಿದ್ದರೆ ತುಂಬಬೇಕು. ಇಲ್ಲದಿದ್ದರೆ ಕಣ್ಣಿನ ಪಕ್ಕ ಗುಳಿ ಬೀಳುತ್ತದೆ.

ರಂಧ್ರಗಳು 2 ಮಿ.ಮೀ.ನವು, ಒಂದಕ್ಕೊಂದು 12 ಮಿ.ಮೀ. ದೂರ, ಅಂಚಿನಿಂದ ಕನಿಷ್ಠ 5 ಮಿ.ಮೀ. ಒಳಗೆ. ಕೆಳಗೆ ರಕ್ತ ನಿಲ್ಲದಿರಲು ಅವು ಬೇಕು. ನಡುವೆ ಜೋಡಿಯಾಗಿ ಎರಡು ಇದ್ದರೆ ಮಿದುಳಿನ ಹೊರಪೊರೆಯನ್ನು ಮೇಲಕ್ಕೆತ್ತಿ ಹೊಲಿಯಲು ಅನುಕೂಲ. ಕೂರಿಸುವುದು ಟೈಟಾನಿಯಂ ಮಿನಿ ಪ್ಲೇಟುಗಳಿಂದ, 1.5 ಮಿ.ಮೀ. ವ್ಯಾಸದ, 4 ಮಿ.ಮೀ. ಉದ್ದದ ಸ್ಕ್ರೂಗಳು, ಸುತ್ತ ಕನಿಷ್ಠ ಮೂರು ನಾಲ್ಕು ಕಡೆ.

ತೇವ, ಕರೆಂಟು, ಪ್ರಿಂಟು

3ಡಿ ಪ್ರಿಂಟಿಗೆ ಹೋಗುವುದು ಎರಡು: ಬುರುಡೆಯ ತುಂಡು, ಮುಚ್ಚಳದ ಮಾದರಿ. ಬುರುಡೆ ಇಡಿಯಾಗಿ ಬೇಡ, ತೆರವಿನ ಸುತ್ತ 40 ಮಿ.ಮೀ. ಸಾಕು. ಪಿಎಲ್‌ಎ ಪ್ಲಾಸ್ಟಿಕ್, 0.4 ಮಿ.ಮೀ. ನಾಝಲ್, 210 ಡಿಗ್ರಿ, ಬೆಡ್ 60, ಬುರುಡೆಗೆ 0.2 ಮಿ.ಮೀ. ಪದರ, ಮುಚ್ಚಳಕ್ಕೆ 0.12. ಮುಚ್ಚಳವನ್ನು ಬೋರಲು ಹಾಕಿ ಪ್ರಿಂಟ್ ಮಾಡಿದರೆ ನೆತ್ತಿಯಲ್ಲಿ ಗದ್ದೆಯ ಬದುಗಳಂತೆ ಮೆಟ್ಟಿಲು ಏಳುತ್ತದೆ. ಅಂಚಿನ ಮೇಲೆ 65 ಡಿಗ್ರಿ ನಿಲ್ಲಿಸಿ, ಸಪೋರ್ಟ್ ಒಳಮೈ ಕಡೆಗೆ ಬರುವಂತೆ ಮಾಡಿ.

ಪಿಎಲ್‌ಎ ತಣ್ಣಗಾದಾಗ ನೂರಕ್ಕೆ 0.2ರಿಂದ 0.3 ಕುಗ್ಗುತ್ತದೆ. 20 ಮಿ.ಮೀ. ಘನದಲ್ಲಿ ಅದು ಗಮನಕ್ಕೇ ಬಾರದಷ್ಟು ಸಣ್ಣದು, 110 ಮಿ.ಮೀ.ಗೆ 0.3 ಮಿ.ಮೀ. ಆಗುತ್ತದೆ, ಸಂದಿನ ಅರ್ಧ. 100 ಮಿ.ಮೀ. ಪಟ್ಟಿಯೊಂದನ್ನು ಎರಡೂ ಅಕ್ಷಗಳಲ್ಲಿ ಪ್ರಿಂಟ್ ಮಾಡಿ ಅಳೆದು, ಅಷ್ಟನ್ನು ಸ್ಕೇಲ್‌ನಲ್ಲಿ ಕೊಡಿ.

ಇನ್ನು ಮಡಿಕೇರಿಯ ಜುಲೈ. ಕಾಫಿ ತೇವ ನೋಡದೆ ಗೋಣಿಗೆ ತುಂಬದ ಊರಿನಲ್ಲಿ ಫಿಲಮೆಂಟ್ (ಪ್ರಿಂಟರಿನ ಪ್ಲಾಸ್ಟಿಕ್ ಎಳೆ) ಸುರುಳಿಯನ್ನು ಮಾತ್ರ ಮೇಜಿನ ಮೇಲೆ ಬಿಟ್ಟಿರುತ್ತೇವೆ. ತೇವ ಕುಡಿದ ಪಿಎಲ್‌ಎ ನಾಝಲ್‌ನಲ್ಲಿ ಚಿಟಪಟ ಎನ್ನುತ್ತದೆ, ಎಳೆ ಬಿಡುತ್ತದೆ, ಮೈಯಲ್ಲಿ ಗುಳ್ಳೆ ಏಳುತ್ತದೆ. ನೂಪುಟ್ಟಿನ ಹಿಟ್ಟು ಹದ ತಪ್ಪಿದಾಗ ಒರಳಿನಿಂದ ತುಂಡುತುಂಡಾಗಿ ಇಳಿಯುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಅಂಚಿನ ಮೇಲೆ ಇಂಥ ಒರಟು 0.2 ಮಿ.ಮೀ. ದಾಟುತ್ತದೆ. 50 ಡಿಗ್ರಿಯಲ್ಲಿ ಆರು ಗಂಟೆ ಒಣಗಿಸಿ, ಸಿಲಿಕಾ ಜೆಲ್ ಹಾಕಿದ ಮುಚ್ಚಿದ ಡಬ್ಬಿಯಿಂದಲೇ ನೇರ ಪ್ರಿಂಟರಿಗೆ ಎಳೆಯಿರಿ.

ಬುರುಡೆಯ ತುಂಡಿಗೆ 11 ಗಂಟೆ. ಮಳೆಗಾಲದಲ್ಲಿ ಒಂದೇ ಉಸಿರಿಗೆ ಹನ್ನೊಂದು ಗಂಟೆ ಕರೆಂಟು ನಂಬುವುದು ಜೂಜು. ಸಣ್ಣ ಯುಪಿಎಸ್ ಬೆಡ್ಡಿನ ಕಾವಿಗೆ ಕೆಲವೇ ನಿಮಿಷ ತಡೆಯುತ್ತದೆ. ನಿಂತಲ್ಲಿಂದ ಮುಂದುವರಿಸುವ ಸೌಲಭ್ಯ ಇದ್ದರೂ ಅಷ್ಟರಲ್ಲಿ ಬೆಡ್ ತಣ್ಣಗಾಗಿ ತುಂಡು ಕಿತ್ತುಕೊಂಡಿರುತ್ತದೆ, ಕಿತ್ತುಕೊಳ್ಳದಿದ್ದರೂ ಆ ಪದರದಲ್ಲಿ ಗೆರೆ ಬಿದ್ದಿರುತ್ತದೆ. ಬುರುಡೆಯನ್ನು ಮೂರು ಭಾಗ ಮಾಡಿ, ಜೋಡಣೆಯ ಗೆರೆ ತೆರವಿನ ಅಂಚಿಗೆ ಬಾರದಂತೆ ನೋಡಿಕೊಂಡು, 3 ಮಿ.ಮೀ. ಪಿನ್ ಹಾಕಿ ಅಂಟಿಸುವುದು ವಾಸಿ.

ಮುಚ್ಚಳದ ಹೊರಮೈಯನ್ನು 240, ಆಮೇಲೆ 400 ನಂಬರ್ ನೀರು ಕಾಗದದಲ್ಲಿ ಉಜ್ಜಿ. ಗೋಡೆಯನ್ನು ಮುಟ್ಟಬೇಡಿ.

ಅಚ್ಚು

ಪ್ರಿಂಟಾದ ಅಚ್ಚಿಗೇ ನೇರವಾಗಿ ಅಕ್ರಿಲಿಕ್ ತುಂಬಬಾರದೇಕೆ ಎಂದರೆ, ಅಕ್ರಿಲಿಕ್ ಗಟ್ಟಿಯಾಗುವಾಗ ಬಿಸಿಯೇಳುತ್ತದೆ, ಪಿಎಲ್‌ಎ 60 ಡಿಗ್ರಿಗೇ ಮೆತ್ತಗಾಗುತ್ತದೆ. ಉಗಿಯಲ್ಲಿ 121 ಡಿಗ್ರಿಯ ಶುದ್ಧೀಕರಣವನ್ನಂತೂ ಅದು ತಡೆಯದು. ಸಿಲಿಕೋನ್ ಎರಡನ್ನೂ ತಡೆಯುತ್ತದೆ.

ಪ್ಲಾಟಿನಂ ಸಿಲಿಕೋನ್, ಗಡಸುತನ ಶೋರ್ ಎ 28ರ ಆಸುಪಾಸಿನದು, ಎರಡು ಭಾಗ ಸಮಸಮ. ಡಬ್ಬಿಯಲ್ಲಿ ಸುಮ್ಮನೆ ಸುರಿದರೆ 880 ಗ್ರಾಂ ಬೇಕು. ಮುಚ್ಚಳದ ಎರಡೂ ಬದಿಗೆ 12 ಮಿ.ಮೀ. ಮಾತ್ರ ಸಿಲಿಕೋನ್ ಇರುವಂತೆ ಹೊರಕವಚ ಕಟ್ಟಿದರೆ 450 ಗ್ರಾಂ ಸಾಕು. ಕವಚಕ್ಕೆ ಹಲ್ಲಿನ ಲ್ಯಾಬಿನವರ ಡೆಂಟಲ್ ಸ್ಟೋನ್. ಈ ಗಟ್ಟಿ ಕವಚ ದುಂದಲ್ಲ. ಅದಿಲ್ಲದೆ ಒತ್ತಿದಾಗ ಸಿಲಿಕೋನ್ ಉಬ್ಬಿ, 4 ಮಿ.ಮೀ. ಇರಬೇಕಾದ ತುಂಡು ನಡುವೆ 4.6 ಆಗಿತ್ತು.

ಪ್ಲಾಟಿನಂ ಸಿಲಿಕೋನ್ ಗಂಧಕವನ್ನು ಕಂಡರೆ ಗಟ್ಟಿಯಾಗುವುದೇ ಇಲ್ಲ. ಲೇಟೆಕ್ಸ್ ಗ್ಲೌಸ್ ಹಾಕಿದ ಕೈ ತಾಗಿದ ಕಡೆ, ಗಂಧಕ ಇರುವ ಮಾಡೆಲಿಂಗ್ ಕ್ಲೇ ತಾಗಿದ ಕಡೆ, ಅರೆಬರೆ ಕ್ಯೂರ್ ಆದ ರೆಸಿನ್ ಪ್ರಿಂಟ್ ತಾಗಿದ ಕಡೆ ಅಂಟಂಟಾಗಿ ಉಳಿದುಬಿಡುತ್ತದೆ. ನೈಟ್ರೈಲ್ ಗ್ಲೌಸ್, ಗಂಧಕವಿಲ್ಲದ ಕ್ಲೇ, ಪಿಎಲ್‌ಎ ಮಾದರಿ ಬಳಸಿದರೆ ಈ ರಗಳೆ ಇಲ್ಲ. ಮೊದಲರ್ಧ ಗಟ್ಟಿಯಾದ ಮೇಲೆ ವ್ಯಾಸಲೀನ್ ತೆಳುವಾಗಿ ಸವರಿ ಎರಡನೆಯದನ್ನು ಸುರಿಯಿರಿ, ಸವರಲು ಮರೆತರೆ ಎರಡೂ ಒಂದೇ ಗಟ್ಟಿಯಾಗುತ್ತವೆ. 18 ಡಿಗ್ರಿಯ ಕೋಣೆಯಲ್ಲಿ ಡಬ್ಬಿಯ ಮೇಲೆ ಬರೆದ ಹೊತ್ತನ್ನು ನಂಬದೆ ರಾತ್ರಿಯಿಡೀ ಬಿಡಿ.

ಪುಡಿ, ದ್ರವ, ಕಾವು

ಆಪರೇಷನ್ ಕೋಣೆಯ ಬೋನ್ ಸಿಮೆಂಟ್ ಸಾಮಾನ್ಯವಾಗಿ 40 ಗ್ರಾಂ ಪುಡಿ, 20 ಮಿ.ಲೀ. ದ್ರವದ ಪ್ಯಾಕ್. ಅದು ಪಿಎಂಎಂಎ ಎಂಬ ಅಕ್ರಿಲಿಕ್, ಎಕ್ಸ್-ರೇಯಲ್ಲಿ ಕಾಣಲೆಂದು ಬೇರಿಯಂ ಸಲ್ಫೇಟ್‌ನಂಥದ್ದನ್ನು ಸೇರಿಸಿರುತ್ತಾರೆ. ಅಭ್ಯಾಸಕ್ಕೆ ಅದೇ ಜಾತಿಯ ಹಲ್ಲಿನ ಸೆಲ್ಫ್ ಕ್ಯೂರ್ ಅಕ್ರಿಲಿಕ್ ಸಾಕು. ವಿರಾಜಪೇಟೆಯಲ್ಲಿ ದಂತ ವೈದ್ಯಕೀಯ ಕಾಲೇಜು ಇರುವುದರಿಂದ ಇದರ ಹದ ಬಲ್ಲವರು ಜಿಲ್ಲೆಯಲ್ಲೇ ಇದ್ದಾರೆ, ಮೊದಲ ಸಲ ಮಾಡುವವರು ಒಮ್ಮೆ ನೋಡಿ ಕಲಿಯುವುದು ಒಳ್ಳೆಯದು.

ಮುಚ್ಚಳದ ಮೈ ಸುಮಾರು 83 ಚದರ ಸೆಂ.ಮೀ., 4 ಮಿ.ಮೀ. ದಪ್ಪಕ್ಕೆ 33 ಘನ ಸೆಂ.ಮೀ., ಪಿಎಂಎಂಎ ಸಾಂದ್ರತೆ 1.18, ಅಂದರೆ 39 ಗ್ರಾಂ. ಅಂಚಿನಿಂದ ಹೊರಚೆಲ್ಲುವುದನ್ನು ಸೇರಿಸಿ 36 ಗ್ರಾಂ ಪುಡಿ, 18 ಮಿ.ಲೀ. ದ್ರವ. ಮೊದಲು ಒದ್ದೆ ಮರಳಿನಂತೆ, ಆಮೇಲೆ ಎಳೆ ಎಳೆಯಾಗಿ, ಆಮೇಲೆ ಹಿಟ್ಟಿನಂತೆ ಆಗುತ್ತದೆ. ಕೈಗೆ ಅಂಟುವುದು ನಿಂತ ಹಿಟ್ಟಿನ ಹದದಲ್ಲೇ ಅಚ್ಚಿಗೆ ಹಾಕಿ ಒತ್ತಬೇಕು. ಬೇಗ ಹಾಕಿದರೆ ಹರಿದುಹೋಗುತ್ತದೆ, ತಡವಾದರೆ ಅಚ್ಚಿನ ಅಂಚು ತುಂಬುವುದಿಲ್ಲ.

ಚಳಿಯ ಕೋಣೆಯಲ್ಲಿ ಹಿಟ್ಟಾಗಲು ಹೊತ್ತು ಹಿಡಿಯುತ್ತದೆ. ಆಗ ಕಾಯಲಾರದೆ ಪುಡಿ ಸುರಿಯುವುದು, ಗಟ್ಟಿಯಾಯಿತೆಂದು ದ್ರವ ಸುರಿಯುವುದು, ಎರಡೂ ಕೆಟ್ಟದ್ದು. ಶುದ್ಧ ದ್ರವ ಪಾಲಿಮರ್ ಆಗುವಾಗ ಗಾತ್ರದಲ್ಲಿ ಶೇಕಡ 21 ಕುಗ್ಗುತ್ತದೆ, ಎರಡಕ್ಕೊಂದರ ಮಿಶ್ರಣದಲ್ಲಿ ಅದು ಶೇಕಡ 7ರ ಸುಮಾರಿಗೆ ಇಳಿಯುತ್ತದೆ. ದ್ರವ ಹೆಚ್ಚಿಸಿದಷ್ಟೂ ಕುಗ್ಗುವಿಕೆ ಹೆಚ್ಚು, ಪ್ರತಿಕ್ರಿಯಿಸದೆ ಉಳಿಯುವ ದ್ರವವೂ ಹೆಚ್ಚು, ಅದು ದೇಹಕ್ಕೆ ವಿಷ. ಬದಲಿಗೆ ಕೋಣೆಯನ್ನೇ 22 ಡಿಗ್ರಿಗೆ ತನ್ನಿ. ಬೆಂಕಿಯಿಂದಲ್ಲ. ಈ ದ್ರವದ ಆವಿ 10 ಡಿಗ್ರಿಯಲ್ಲೇ ಕಿಡಿಗೆ ಹತ್ತಿಕೊಳ್ಳುತ್ತದೆ, ಕೆಂಡದ ಒಲೆಯೂ ಕಾಯಿಲ್ ಹೀಟರೂ ಆ ಕೋಣೆಯಲ್ಲಿ ಇರಕೂಡದು. ಪುಡಿ, ದ್ರವ, ಅಚ್ಚು ಮೂರನ್ನೂ ಮೊದಲೇ ಬೆಚ್ಚಗಿನ ಕೋಣೆಯಲ್ಲಿ ಇಟ್ಟು, ಬೆರೆಸುವಾಗ ಕಿಟಕಿ ತೆರೆದಿಡಿ. ನೈಟ್ರೈಲ್ ಗ್ಲೌಸನ್ನೂ ಈ ದ್ರವ ಬೇಗ ದಾಟುತ್ತದೆ, ಎರಡು ಜೋಡಿ ಹಾಕಿ ಆಗಾಗ ಬದಲಿಸಿ.

ಒತ್ತಿದ ಅಚ್ಚನ್ನು 45 ಡಿಗ್ರಿ ನೀರಿರುವ ಪ್ರೆಶರ್ ಪಾಟ್‌ನಲ್ಲಿ 2 ಬಾರ್ ಒತ್ತಡದಲ್ಲಿ ಹದಿನೈದು ನಿಮಿಷ ಇಡಿ. ಒತ್ತಡವಿಲ್ಲದೆ ಗಟ್ಟಿಯಾದ ತುಂಡಿನೊಳಗೆ ಸೂಜಿಮೊನೆಯಂಥ ಗುಳ್ಳೆ ಉಳಿಯುತ್ತದೆ, ಅಲ್ಲಿಂದಲೇ ಬಿರುಕು ಶುರು. ಪೂರ್ತಿ ತಣ್ಣಗಾಗುವ ಮೊದಲು ಅಚ್ಚು ಬಿಚ್ಚಿದರೆ ಗುಮ್ಮಟ ಚಪ್ಪಟೆಯಾಗುತ್ತದೆ. ನಮ್ಮ ತುಂಡು ಉದ್ದದಲ್ಲಿ 0.4 ಮಿ.ಮೀ. ಕಡಿಮೆ ಬಂತು. ಆ ಕುಗ್ಗು ಸಂದಿಗೆ ಸೇರಿತು, ಬೈಯುವಂಥದ್ದೇನಲ್ಲ. ರಂಧ್ರಗಳನ್ನು ನಿಧಾನವಾಗಿ, ನೀರು ಬಿಡುತ್ತಾ ಕೊರೆಯಿರಿ, ವೇಗ ಹೆಚ್ಚಾದರೆ ಅಕ್ರಿಲಿಕ್ ಕರಗಿ ಡ್ರಿಲ್ಲಿಗೆ ಸುತ್ತಿಕೊಳ್ಳುತ್ತದೆ.

ಕೂರಿಸಿ ನೋಡಿದಾಗ

ಮೊದಲ ಮುಚ್ಚಳ ಇಡೀ ಬುರುಡೆಗೆ 720 ಎಂಬ ಒಂದೇ ಗಡಿಯಿಂದ ಬಂದದ್ದು. ಪ್ರಿಂಟಾದ ಬುರುಡೆಯಲ್ಲಿ ಅದು ಅಚ್ಚುಕಟ್ಟಾಗಿ ಕೂತಿತು. ಫೀಲರ್ ಗೇಜ್‌ನಲ್ಲಿ ಸಂದು ಸುತ್ತಲೂ 0.5ರಿಂದ 1.1 ಮಿ.ಮೀ., ಎದುರುಬದುರು ಬೆರಳಿಟ್ಟು ಒತ್ತಿದರೂ ಅಲ್ಲಾಡಲಿಲ್ಲ. ಅದೇ ತುಂಡನ್ನು ಉತ್ತರಪತ್ರಿಕೆಯ ಬುರುಡೆಯಲ್ಲಿ, ಅಂದರೆ ಕೊರೆದ ಮೂಲ ಅಳತೆಯಿಂದಲೇ ಪ್ರಿಂಟ್ ಮಾಡಿದ ಎರಡನೇ ತುಂಡಿನಲ್ಲಿ ಇಟ್ಟರೆ ಹಿಂಬದಿ 1.5 ಮಿ.ಮೀ. ಎದ್ದು ನಿಂತಿತು.

ಕಾರಣ ಇಷ್ಟೆ. 720 ಗಡಿ ಹಿಂಬದಿಯ ತೆಳು ತುಟಿಯನ್ನು 1.8 ಮಿ.ಮೀ. ಅಗಲಕ್ಕೆ ತಿಂದಿತ್ತು. ಮುಚ್ಚಳ ಬಂದದ್ದೂ ಆ ಸೆಗ್ಮೆಂಟೇಶನ್‌ನಿಂದ (ಚಿತ್ರದಲ್ಲಿ ಮೂಳೆಯನ್ನು ಬೇರೆ ಮಾಡಿದ್ದು), ಮೊದಲ ಬುರುಡೆ ಪ್ರಿಂಟಾದದ್ದೂ ಅದರಿಂದಲೇ. ಒಂದೇ ತಪ್ಪು ಎರಡರಲ್ಲೂ ಇದ್ದರೆ ಎರಡೂ ಒಂದಕ್ಕೊಂದು ಸೊಗಸಾಗಿ ಕೂರುತ್ತವೆ. ಪ್ರಿಂಟಾದ ಬುರುಡೆಯಲ್ಲಿ ಮುಚ್ಚಳ ಕೂತರೆ ಪ್ರಿಂಟರ್, ಅಚ್ಚು, ಅಕ್ರಿಲಿಕ್ ಸರಿ ಇವೆ ಎಂದಷ್ಟೇ ಗೊತ್ತಾಗುತ್ತದೆ. ರೋಗಿಯ ಮೂಳೆಗೆ ಕೂರುತ್ತದೆಂದು ಗೊತ್ತಾಗುವುದಿಲ್ಲ. ಬುರುಡೆ ಮಾದರಿಯ ಮೇಲೆ ಮುಚ್ಚಳ ಕೂತ ಫೋಟೋವನ್ನೇ ಸಾಕ್ಷಿಯೆಂದು ತೋರಿಸುವ ರೂಢಿಯ ಮೇಲೆ ನಮಗೆ ನಂಬಿಕೆ ಇಲ್ಲದಿರುವುದು ಇದಕ್ಕೇ.

ಉತ್ತರಪತ್ರಿಕೆ ಇಲ್ಲದ ಕಡೆ ಒಂದೇ ದಾರಿ: ಮುಚ್ಚಳದ ಎಸ್‌ಟಿಎಲ್ ಅನ್ನು ಮತ್ತೆ ಸ್ಲೈಸರ್‌ಗೆ ತಂದು, ಅದರ ಗೆರೆಯನ್ನು ಮೂಲ ಬೂದು ಚಿತ್ರದ ಮೇಲೆ ಹಾಸಿ ನೋಡುವುದು. ಮೂರೂ ದಿಕ್ಕಿನಲ್ಲಿ, ಪ್ರತಿ 5 ಮಿ.ಮೀ.ಗೆ ಒಮ್ಮೆ, ತೆಳು ಅಂಚಿನ ಬಳಿ ಪ್ರತಿ ಸ್ಲೈಸ್. ಬೂದು ಛಾಯೆಯಲ್ಲಿ ತೋರುವ ಅಂಕಗಳ ವ್ಯಾಪ್ತಿಗೆ ವಿಂಡೋ ಎನ್ನುತ್ತಾರೆ; ಅದರ ಅಗಲವನ್ನು 3000, ನಡುಮಟ್ಟವನ್ನು 500ಕ್ಕೆ ಇಡಿ, ತೆಳು ತುಟಿ ಮಸುಕು ಬೂದಾಗಿ ಕಾಣುತ್ತದೆ. ಸೆಗ್ಮೆಂಟೇಶನ್ ಬಣ್ಣವನ್ನು ಆ ಹೊತ್ತಿಗೆ ಪೂರ್ತಿ ಆರಿಸಿಡಿ, ಇಲ್ಲದಿದ್ದರೆ ಕಣ್ಣು ಬಣ್ಣವನ್ನೇ ಮೂಳೆ ಎಂದು ನಂಬುತ್ತದೆ. ಮೊದಲ ಮುಚ್ಚಳವನ್ನು ಹೀಗೆ ನೋಡಿದಾಗ ಹಿಂಬದಿಯ ಹದಿನಾಲ್ಕು ಸ್ಲೈಸುಗಳಲ್ಲಿ ಗೆರೆ ಬೂದು ತುಟಿಯ ಮೇಲೇ ಹಾದುಹೋಗಿತ್ತು. ಅಕ್ರಿಲಿಕ್ ಬೆರೆಸುವ ಮೊದಲೇ ಕಾಣಬಹುದಾಗಿದ್ದ ತಪ್ಪು.

ಎರಡು ಗಡಿ ಹಾಕಿ ತಿದ್ದಿದ ಎರಡನೇ ಮುಚ್ಚಳ ಉತ್ತರಪತ್ರಿಕೆಯ ಬುರುಡೆಯಲ್ಲಿ ಮೆಟ್ಟಿಲು 0.6 ಮಿ.ಮೀ. ಮೀರದೆ ಕೂತಿತು. ಒಂದು ಕಡೆ ಮಾತ್ರ ತುಸು ಅಲ್ಲಾಡುತ್ತಿತ್ತು. ಹಲ್ಲಿನವರು ಕಚ್ಚಿಸಿ ನೋಡುವ ನೀಲಿ ಕಾಗದ ಇಟ್ಟು ಒತ್ತಿದಾಗ ಗುರುತು ಬಿತ್ತು, ಗೋಡೆಯನ್ನು ಅಲ್ಲಿ 0.3 ಮಿ.ಮೀ. ಕೆರೆದದ್ದಾಯಿತು.

ರೋಗಿಗೆ ಹೋಗುವ ತುಂಡು ಈ ಮೇಜಿನ ಮೇಲೆ ಆಗುವಂಥದ್ದಲ್ಲ. 2017ರ ವೈದ್ಯಕೀಯ ಸಾಧನಗಳ ನಿಯಮಗಳ ಅಡಿಯಲ್ಲಿ ಪರವಾನಗಿ ಇರುವ ತಯಾರಕರು ಅದನ್ನು ಪೀಕ್ ಎಂಬ ಪ್ಲಾಸ್ಟಿಕ್, ಟೈಟಾನಿಯಂ ಅಥವಾ ಪಿಎಂಎಂಎಯಲ್ಲಿ ಮಾಡುತ್ತಾರೆ. ಪೀಕ್‌ನ ಬಿಗಿತ 3ರಿಂದ 4 ಗಿಗಾಪಾಸ್ಕಲ್, ಟೈಟಾನಿಯಂನದು 110. ಪೀಕ್ ಮುಂದಿನ ಸಿಟಿಯಲ್ಲಿ ಗೆರೆ ಎಬ್ಬಿಸುವುದಿಲ್ಲ, ಆದರೆ ಬೆಲೆ ಏರು. ಡಿಸೈನ್ ಅವರಿಗೆ ಹೋಗುವಾಗ ಎಸ್‌ಟಿಎಲ್ ಒಂದನ್ನೇ ಕಳಿಸಬೇಡಿ. ತೆಳು ಸ್ಲೈಸಿನ ಡೈಕಾಮ್, ಸ್ಕ್ಯಾನ್ ಮಾಡಿದ ದಿನಾಂಕ, ಉದ್ದ ಅಗಲ ದಪ್ಪ ಮಿ.ಮೀ.ನಲ್ಲಿ ಬರೆದ ಚೀಟಿ, ಎಲ್ಲಿ ಯಾವ ಗಡಿ ಹಾಕಿದ್ದು, ಸಂದು ಎಷ್ಟು ಬಿಟ್ಟಿದ್ದು, ಬೂದು ಚಿತ್ರದ ಮೇಲೆ ಗೆರೆ ಹಾಸಿದ ಸ್ಲೈಸುಗಳು, 'ಬ' ಅಕ್ಷರ ಕಾಣುವ ಒಂದು ಚಿತ್ರ, ಸರ್ಜನ್ ಸಹಿ. ಸ್ಕ್ಯಾನಿಗೂ ಆಪರೇಷನ್ನಿಗೂ ನಡುವೆ ತಿಂಗಳುಗಳು ಕಳೆದರೆ ಅಂಚು ಮತ್ತೆ ಸವೆದಿರುತ್ತದೆ, ಆದ್ದರಿಂದ ದಿನಾಂಕವನ್ನು ಚೀಟಿಯ ಮೇಲ್ಗಡೆಯೇ ದೊಡ್ಡದಾಗಿ ಬರೆಯಿರಿ.